ಹೊಸ್ತಿಲ ಕುಳಿಯಲ್ಲಿ ಎಷ್ಟು ನೀರು

ಒಂದಾನೊಂದು ಊರಿನಲ್ಲಿ ದ್ಯಾವಮ್ಮ ಎಂಬವಳಿದ್ದಳು. ಊರು ಯಾವ ದಿಕ್ಕಿಗಿತ್ತು ಎಂದು ಕೇಳಬೇಡಿ. ಹೇಳಿದರೆ ಹುಡುಕಿಕೊಂಡು ಹೊರಟುಬಿಡುತ್ತೀರಿ, ಕತೆ ಇಲ್ಲಿ ಒಂಟಿಯಾಗುತ್ತದೆ.

ದ್ಯಾವಮ್ಮ ಕಡಲೆಪುರಿ ಹುರಿದು ಮಾರುವವಳು. ಅವಳ ಗಂಡ ಕಲ್ಲಂಗಡಿ ಹಣ್ಣು ತರುತ್ತೇನೆಂದು ಹೋದವನು, ಹಣ್ಣಿನ ಬೀಜ ಎಣಿಸುತ್ತ ಎಲ್ಲೋ ಕೂತುಬಿಟ್ಟ. ಇನ್ನೊಬ್ಬಳಾಗಿದ್ದರೆ ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ದ್ಯಾವಮ್ಮ ನೋಡಲಿಲ್ಲ. ಭಟ್ಟಿ ಹಚ್ಚಿದಳು, ಮರಳು ಕಾಯಿಸಿದಳು, ಪುರಿ ಹುರಿದಳು, ಮನೆ ಕಟ್ಟಿದಳು. ಮನೆಗೆ ಗಟ್ಟಿ ಹಲಸಿನ ಮರದ ಹೊಸ್ತಿಲು ಇಡಿಸಿದಳು. ದಿನಾ ಬೆಳಿಗ್ಗೆ ಅದನ್ನು ತೊಳೆದು, ಅರಿಶಿನ ಹಚ್ಚಿ, ಮೇಲೆ ಎರಡೆಳೆ ರಂಗೋಲಿ ಎಳೆಯುವಳು.

ಹೊಸ್ತಿಲ ಮೇಲೆ ಕೂರಬಾರದು ಎಂದು ಅವಳ ಅವ್ವ ಹೇಳಿದ್ದಳು. ಹೇಳದಿದ್ದರೂ ಅವಳು ಕೂರುತ್ತಿರಲಿಲ್ಲ. ಪುರಿ ಹುರಿಯುವವಳಿಗೆ ಕೂತು ಕಾಯುವುದು ಬರುವುದಿಲ್ಲ ಎನ್ನುವಳು. ಒಂದು ಸಲ ರೆಪ್ಪೆ ಬಡಿದರೆ ಬಾಣಲೆಯಲ್ಲಿ ಪುರಿ ಹೋಗಿ ಇದ್ದಿಲು.

ದ್ಯಾವಮ್ಮನಿಗೆ ಓದು ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ. ಪುರಿಯ ಪೊಟ್ಟಣ ಕಟ್ಟಲು ತೂಕಕ್ಕೆ ಕೊಂಡ ಹಳೇ ಪುಸ್ತಕದ ಹಾಳೆಗಳನ್ನು ನೋಡಿ ನೋಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ತಾನೇ ಕಲಿತಳು. ಆದರೆ ಒಂದು ತೊಂದರೆ. ಒಂದು ಹಾಳೆ ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಹಾಳೆ ಯಾರದೋ ಕೈಯಲ್ಲಿ ಪುರಿ ಹೊತ್ತುಕೊಂಡು ಹೋಗಿರುತ್ತಿತ್ತು. ಹಾಗಾಗಿ ಅವಳಿಗೆ ಗೊತ್ತಿದ್ದ ಯಾವ ಕತೆಗೂ ಕೊನೆ ಇರಲಿಲ್ಲ.

ಅದರಲ್ಲೂ ಒಂದು ಕತೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಕಾಡಿನಲ್ಲಿ ಒಬ್ಬಳೇ ಮುದುಕಿ. ಒಂದು ದಿನ ಯಾರೋ ಬಾಗಿಲು ಬಡಿದರು. ಮುದುಕಿ ಎದ್ದು ಹೋಗಿ ಬಾಗಿಲು ತೆಗೆದು ನೋಡಿದರೆ... ಅಲ್ಲಿಗೆ ಹಾಳೆ ಹರಿದಿತ್ತು.

"ಬಾಗಿಲು ತೆಗೆದು ನೋಡಿದರೆ ಏನವ್ವಾ?" ಎಂದು ಮಗಳು ನಿಂಗಿ ಕೇಳುವಳು.

"ನನಗೇನು ಗೊತ್ತು? ನೀನು ಹೈಸ್ಕೂಲಿಗೆ ಹೋಗಿ, ಹೊಲಿದ ಪುಸ್ತಕ ಓದಿ, ಬಂದು ನನಗೆ ಹೇಳು."

ಅವಳ ಆಸೆ ಅಷ್ಟೇ. ಮಗಳು ಗುಡ್ಡದ ಮೇಲಿನ ಹೈಸ್ಕೂಲಿಗೆ ಹೋಗಬೇಕು. ಕೊನೆ ಇರುವ ಕತೆ ಓದಬೇಕು.

ನಿಂಗಿ ಏಳನೇ ಕ್ಲಾಸು ಮುಗಿಸಿದಳು. ಅದೇ ವರ್ಷ ಆ ಊರಿನ ರಾಜ ಪಾಯಸ ಕುಡಿದ.

ಪಾಯಸಕ್ಕೂ ಹೈಸ್ಕೂಲಿಗೂ ಏನು ಸಂಬಂಧ ಅನ್ನುತ್ತೀರಾ? ಕೇಳಿ. ಪಾಯಸ ಬಿಸಿ ಇತ್ತು. ಅದು ಆರಲಿ ಎಂದು ರಾಜ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ರಾಜ ತೂಕದ ಆಳು, ಹೊಸ್ತಿಲು ಹಳೇ ಮರ. ಎದ್ದು ನೋಡಿದರೆ ಅಲ್ಲೊಂದು ಕುಳಿ. ಒಂದು ಸೌಟು ಪಾಯಸ ಚೆಲ್ಲಿದರೆ ಕುಳಿಯಲ್ಲಿ ನಿಂತಿತು.

"ಕಂಡುಹಿಡಿದೆ!" ಎಂದು ರಾಜ ಕೂಗಿದ. "ಪ್ರೀತಿ ಇದ್ದವನು ಕಾಯುತ್ತಾನೆ. ಕಾಯುವವನು ಕೂರುತ್ತಾನೆ. ಕೂತಲ್ಲಿ ಕುಳಿ ಬೀಳುತ್ತದೆ. ಆದ್ದರಿಂದ ಕುಳಿಯೇ ಪ್ರೀತಿ!"

"ಹೌದು ಮಹಾಪ್ರಭು," ಎಂದ ಮಂತ್ರಿ. ಮಂತ್ರಿಯ ಕೆಲಸ ಅದೊಂದೇ.

ಮಾರನೇ ದಿನ ಡಂಗುರ. ಹೈಸ್ಕೂಲಿನಲ್ಲಿ ಜಾಗ ಕಡಿಮೆ, ಮಕ್ಕಳು ಜಾಸ್ತಿ. ಇನ್ನು ಮೇಲೆ ಮಕ್ಕಳ ಪರೀಕ್ಷೆ ಬೇಡ. ಕೆರೆಯ ತೂಬು ಕಾಯುವ ನೀರಗಂಟಿ ಮನೆಮನೆಗೆ ಬಂದು ಹೊಸ್ತಿಲ ಮೇಲೆ ನೀರು ಸುರಿಯುತ್ತಾನೆ. ಯಾರ ಹೊಸ್ತಿಲ ಕುಳಿಯಲ್ಲಿ ಹೆಚ್ಚು ನೀರು ನಿಲ್ಲುತ್ತದೋ ಅವರ ಮಗುವಿಗೆ ಮುಂದಿನ ಬೆಂಚು. ಕಡಿಮೆ ನಿಂತರೆ ಹಿಂದಿನ ಬೆಂಚು. ಹನಿಯೂ ನಿಲ್ಲದಿದ್ದರೆ ಜಾಗವಿಲ್ಲ.

ಊರಿಗೆ ಊರೇ ಹೊಸ್ತಿಲ ಮೇಲೆ ಕೂತಿತು. ಹೊಸ್ತಿಲ ಮೇಲೆ ಕೂತರೆ ಲಕ್ಷ್ಮಿ ಒಳಗೆ ಬರೋದಿಲ್ಲ ಎನ್ನುತ್ತಿದ್ದ ಅಜ್ಜಿಯರೂ, ಲಕ್ಷ್ಮಿ ಹಿತ್ತಲಿಂದ ಬರಲಿ ಬಿಡು ಎಂದು ಕೂತರು. ಅಪ್ಪ ಕೂತ, ಅಮ್ಮ ಕೂತಳು, ಅಪ್ಪನ ಮೇಲೆ ಚಿಕ್ಕಪ್ಪ ಕೂತ. ಅಲ್ಲಾಡಿ ಅಲ್ಲಾಡಿ ಕೂರುವುದನ್ನು ಕಲಿಸುವ ಮನೆಪಾಠ ಶುರುವಾಯಿತು. ದಪ್ಪಗಿದ್ದ ನೆಂಟರಿಗೆ ಎಂದೂ ಇಲ್ಲದ ಮರ್ಯಾದೆ ಬಂತು. "ಒಂದು ವಾರ ಇದ್ದು ಹೋಗಿ ಮಾವ, ತುಪ್ಪ ಹಾಕಿಸಿಕೊಳ್ಳಿ" ಎಂದು ಮಾತು ಮಾತಿಗೆ ಉಪಚಾರ.

ಎದುರುಮನೆಯ ಈರಬಸಪ್ಪ ಎಲ್ಲರಿಗಿಂತ ಮೊದಲು ಕೂತವನು. ಆಗಲೇ ಹೊಸ್ತಿಲೊಳಗೆ ಸೊಂಟದವರೆಗೆ ಇಳಿದಿದ್ದ.

"ಏನು ದ್ಯಾವಮ್ಮ, ಕೂತಿಲ್ಲವಾ? ಮಗಳು ಪುರಿಯನ್ನೇ ಹುರಿಯಲಿ ಅಂತಾನಾ?"

"ನಿನ್ನ ಹಾಗೆ ಕೂತರೆ ನನ್ನ ಒಲೆ ಯಾರು ನೋಡ್ತಾರೆ ಈರಬಸಪ್ಪ? ನಿನ್ನ ಹೆಂಡತಿ ಅನ್ನ ಇಟ್ಟರೆ ತಿನ್ನೋಕಾದರೂ ಏಳ್ತೀಯೋ ಇಲ್ಲವೋ?"

"ಏಳಲ್ಲ. ಬಾಯಿಗೆ ಹಾಕ್ತಾಳೆ."

ದ್ಯಾವಮ್ಮ ನಕ್ಕಳು. ಆದರೆ ಒಳಗೆ ಬಂದ ಮೇಲೆ ಆ ನಗು ನೀರಿನ ಹಾಗೆ ಜಾರಿಹೋಯಿತು. ತನ್ನ ಹೊಸ್ತಿಲು ಕನ್ನಡಿಯ ಹಾಗಿದೆ. ಹನಿ ನೀರೂ ನಿಲ್ಲುವುದಿಲ್ಲ. ಅವಳು ಉಳಿ ಸುತ್ತಿಗೆ ತಂದಳು.

"ಏನು ಮಾಡ್ತೀಯಾ?" ಎಂದು ಹೊಸ್ತಿಲು ಕೇಳಿತು.

ಹೊಸ್ತಿಲು ಮಾತಾಡಿತೆಂದು ದ್ಯಾವಮ್ಮನಿಗೆ ಆಶ್ಚರ್ಯವಾಗಲಿಲ್ಲ. ದಿನಾ ಅರಿಶಿನ ಹಚ್ಚಿಸಿಕೊಂಡದ್ದು, ಒಂದು ಮಾತಾದರೂ ಆಡಬೇಡವೇ?

"ಕುಳಿ ತೋಡ್ತೀನಿ."

"ತೋಡು. ಆದರೆ ಉಳಿ ತೋಡಿದ್ದು ಉಳಿಯ ಕುಳಿ. ಜಾಗ ಉಳಿಯ ಮಗಳಿಗೆ ಹೋಗುತ್ತೆ."

"ಉಳಿಗೆ ಎಲ್ಲಿಯ ಮಗಳು?"

"ಆಗ ಯಾರಿಗೂ ಇಲ್ಲ. ನೀನೇ ಕೂರು. ನಾನು ಸವೆದುಕೊಡ್ತೀನಿ."

ದ್ಯಾವಮ್ಮ ಯೋಚಿಸಿದಳು. ಸೆರಗು ಸುತ್ತಿಕೊಂಡಳು. ಅರ್ಧ ಬಗ್ಗಿದಳು. ಅಷ್ಟರಲ್ಲಿ ಭಟ್ಟಿಯಲ್ಲಿ ಅಕ್ಕಿ ಚಟಪಟ ಎಂದಿತು. ಓಡಿದಳು. ಮತ್ತೆ ಬಂದಳು, ಬಗ್ಗಿದಳು. ಯಾರೋ "ಒಂದು ಸೇರು ಪುರಿ" ಎಂದರು. ಓಡಿದಳು. ಹಾಗೆ ಬಗ್ಗುತ್ತ ಓಡುತ್ತ, ಓಡುತ್ತ ಬಗ್ಗುತ್ತ, ನೀರು ಸುರಿಯುವ ದಿನ ಬಂದೇಬಿಟ್ಟಿತು.

ನೀರಗಂಟಿ ಬಂದ. ಈರಬಸಪ್ಪನನ್ನು ನಾಲ್ಕು ಜನ ಎತ್ತಿ ಹಿಡಿದರು. ಅವನ ಕುಳಿಗೆ ಕೊಡದ ಮೇಲೆ ಕೊಡ ನೀರು ಸುರಿದರು. ಅದರಲ್ಲಿ ಆಗಲೇ ಒಂದು ಕಪ್ಪೆ ಸಂಸಾರ ಹೂಡಿತ್ತು. "ಮುಂದಿನ ಬೆಂಚು!" ಎಂದ ನೀರಗಂಟಿ. ಈರಬಸಪ್ಪನನ್ನು ಮತ್ತೆ ಕುಳಿಯೊಳಗೆ ಇಳಿಸಿದರು.

ದ್ಯಾವಮ್ಮನ ಹೊಸ್ತಿಲಿಗೆ ಒಂದು ತಂಬಿಗೆ ನೀರು. ನೀರು ರಂಗೋಲಿ ತೊಳೆದುಕೊಂಡು ಬೀದಿಗೆ ಹರಿಯಿತು. ಒಂದು ಕೋಳಿಮರಿ ಬಂದು ಕುಡಿಯಿತು.

"ಸೊನ್ನೆ," ಎಂದ ನೀರಗಂಟಿ. "ಇಷ್ಟು ನಯವಾದ ಹೊಸ್ತಿಲು ಈ ಊರಲ್ಲೇ ಇಲ್ಲ ತಾಯಿ. ಪ್ರೀತಿ ಇಲ್ಲದ ಮನೆ."

ದ್ಯಾವಮ್ಮ ಯಾರಿಗೂ ತಿರುಗಿ ಹೇಳದೆ ಬಿಟ್ಟವಳಲ್ಲ. ಅವತ್ತು ಮಾತ್ರ ಒಳಗೆ ನಡೆದಳು. ಭಟ್ಟಿಯ ಮುಂದೆ ನಿಂತಳು. ನಿಜವಿರಬಹುದೇ? ಬೇರೆಯವರೆಲ್ಲ ಕೂತಿದ್ದಾಗ ನಾನು ಓಡಾಡುತ್ತಿದ್ದೆ. ಕೂತು ಪ್ರೀತಿಸುವುದನ್ನು ನನಗೆ ಯಾರೂ ತೋರಿಸಲಿಲ್ಲವಲ್ಲ ಎಂದುಕೊಂಡಳು. ಮೂಲೆಯಲ್ಲಿ ನಿಂಗಿ ಪೊಟ್ಟಣದ ಕಾಗದಗಳನ್ನು ಹರಡಿಕೊಂಡು ಓದುತ್ತಿದ್ದಳು. ಅವು ದ್ಯಾವಮ್ಮ ಯಾರಿಗೂ ಕಟ್ಟಿಕೊಡದೆ, ಅಕ್ಷರ ಚೆನ್ನಾಗಿವೆ ಎಂದು, ಮಗಳಿಗೆಂದು ಎತ್ತಿಟ್ಟ ಹಾಳೆಗಳು. ಅವುಗಳ ಮೇಲೆ ಎಷ್ಟು ನೀರು ನಿಲ್ಲುತ್ತದೆ ಎಂದು ಯಾರೂ ನೋಡಿರಲಿಲ್ಲ. ನೋಡಿದರೆ ಕಾಗದ ನೆನೆಯುತ್ತಿತ್ತು, ಅಷ್ಟೇ.

ಶಾಲೆ ಶುರುವಾಗುವ ದಿನ ಗುಡ್ಡದ ಮೇಲೆ ಗಂಟೆ ಹೊಡೆಯಿತು. ಯಾರೂ ಹೋಗಲಿಲ್ಲ.

ಯಾಕೆಂದರೆ ಎರಡನೇ ಸುತ್ತಿನ ನೀರು ಸುರಿಯುವುದಿದೆ ಎಂದು ಸುದ್ದಿ ಹಬ್ಬಿತ್ತು. ಹಿಂದಿನ ಬೆಂಚು ಸಿಕ್ಕವರು ನಡುವಿನ ಬೆಂಚಿಗಾಗಿ ಕೂತರು. ನಡುವಿನ ಬೆಂಚು ಸಿಕ್ಕವರು ಮುಂದಿನ ಬೆಂಚಿಗಾಗಿ ಕೂತರು. ಈರಬಸಪ್ಪ ಮುಂದಿನ ಬೆಂಚಿನಲ್ಲೇ ಕಿಟಕಿ ಪಕ್ಕದ ಜಾಗಕ್ಕಾಗಿ ಕೂತ.

"ಅಪ್ಪಾ, ದಾರಿ ಬಿಡಪ್ಪಾ, ಗಂಟೆ ಹೊಡೀತು. ಶಾಲೆಗೆ ಹೋಗ್ತೀನಿ," ಎಂದು ಅವನ ಮಗ ಬೆನ್ನ ಹಿಂದಿನಿಂದ ಹೇಳಿದ.

"ಸುಮ್ಮನಿರೋ! ನಿನ್ನ ಶಾಲೆಗೋಸ್ಕರವೇ ಕೂತಿರೋದು!"

ಹೀಗೆ ಬೀದಿಯ ಉದ್ದಕ್ಕೂ ಬಾಗಿಲು ಬಾಗಿಲಿಗೂ ಒಬ್ಬ ಅಪ್ಪ, ಇಲ್ಲ ಒಬ್ಬ ಅಮ್ಮ, ಬಿರಡೆಯ ಹಾಗೆ ಕೂತಿದ್ದರು. ಹಿಂದೆ ಮಕ್ಕಳು. ದಿನಾ ಗಂಟೆ ಹೊಡೆಯಿತು. ದಿನಾ ಯಾರೂ ಹೋಗಲಿಲ್ಲ.

ಒಂದು ದಿನ ನಿಂಗಿ ಎಂದಳು: "ಅವ್ವಾ, ನಾನು ಹೋಗ್ತೀನಿ."

"ನಿನಗೆ ಜಾಗ ಇಲ್ಲ ಕಣೇ."

"ಜಾಗ ಇಲ್ಲ. ದಾರಿ ಇದೆಯಲ್ಲ?"

ದ್ಯಾವಮ್ಮ ಬಾಗಿಲ ಕಡೆ ನೋಡಿದಳು. ನಿಜ. ಊರಿನಲ್ಲಿ ಬರಿದಾಗಿದ್ದ ಬಾಗಿಲು ಅದೊಂದೇ. ಅವಳು ಒಂದು ಪೊಟ್ಟಣ ಪುರಿ ಕಟ್ಟಿದಳು, ಭಟ್ಟಿ ಆರಿಸಿದಳು. ಮಗಳ ಕೈ ಹಿಡಿದು ಹೊಸ್ತಿಲು ದಾಟಿದಳು.

ಗುಡ್ಡದ ಮೇಲೆ ಹೋಗಿ ನೋಡಿದರೆ, ಹೈಸ್ಕೂಲಿನ ಹೊಸ್ತಿಲ ಮೇಲೆ ಹೆಡ್‌ಮಾಸ್ಟರು ಕೂತಿದ್ದರು. ದಿನಾ ಗಂಟೆ ಬಾರಿಸಿ, ದಿನಾ ಕೂತು, ದಾರಿ ನೋಡಿ ನೋಡಿ, ಎದೆಯವರೆಗೆ ಇಳಿದುಹೋಗಿದ್ದರು. ಮೇಲೆ ತಲೆಯೂ ಕನ್ನಡಕವೂ ಮಾತ್ರ ಕಾಣುತ್ತಿದ್ದವು.

"ಬಂದೆಯಾ ಮಗು?" ಎಂದರು. "ಜಾಗ ಸಿಕ್ಕಿದೆಯಾ?"

"ಇಲ್ಲ ಸಾರ್. ಸೊನ್ನೆ."

"ಹಾಗಾದರೆ ಒಳಗೆ ಬಿಡೋಕಾಗಲ್ಲವಲ್ಲ. ಜಾಗ ಸಿಕ್ಕವರು ಬಂದಿಲ್ಲ, ಬಂದವಳಿಗೆ ಜಾಗ ಸಿಕ್ಕಿಲ್ಲ."

ಆಗಲೇ ರಾಜ ತನ್ನ ಕಾನೂನಿನ ಫಲ ನೋಡಲು ಪಲ್ಲಕ್ಕಿಯಲ್ಲಿ ಬಂದ. ಜೊತೆಗೆ ಮಂತ್ರಿ, ನೀರಗಂಟಿ. ರಾಜ ಬೆಂಚು ನೋಡಲಿಲ್ಲ, ಪುಸ್ತಕ ನೋಡಲಿಲ್ಲ. ಅವನ ಕಣ್ಣು ಸೀದಾ ಹೊಸ್ತಿಲಿಗೆ ಹೋಯಿತು.

"ಆಹಾ, ಎಂಥ ಕುಳಿ! ಇವರನ್ನು ಎತ್ತಿ, ನೀರು ಸುರಿಯಿರಿ!"

ಎತ್ತಲು ಯಾರ ಕೈಯಲ್ಲೂ ಆಗಲಿಲ್ಲ. ದ್ಯಾವಮ್ಮ ಸೆರಗು ಸಿಕ್ಕಿಸಿ, ಅಕ್ಕಿ ಮೂಟೆ ಎತ್ತುವ ಹಾಗೆ ಹೆಡ್‌ಮಾಸ್ಟರನ್ನು ಕಂಕುಳಲ್ಲಿ ಹಿಡಿದು ಎಳೆದಳು. ಬುಳುಕ್ ಎಂದು ಹೊರಬಂದರು. ನೀರಗಂಟಿ ಸುರಿದ, ಸುರಿದ, ಸುರಿದ. ಕೆರೆ ಅರ್ಧವಾಯಿತು, ಕುಳಿ ತುಂಬಲಿಲ್ಲ.

"ಇಷ್ಟು ಪ್ರೀತಿ ಯಾರ ಮೇಲೆ?" ಎಂದು ರಾಜ ಕೇಳಿದ.

"ಶಾಲೆಗೆ ಬರುವ ಮಕ್ಕಳ ಮೇಲೆ, ಮಹಾಪ್ರಭು."

"ಯಾರು ಬಂದರು?"

ಎಲ್ಲರೂ ನಿಂಗಿಯನ್ನು ನೋಡಿದರು. ನಿಂಗಿ ಪುರಿ ತಿನ್ನುತ್ತಿದ್ದಳು.

ರಾಜ ಬೆರಳು ಮಡಚಿದ. "ಕುಳಿ ಯಾರಿಗಾಗಿ ಬಿದ್ದಿತೋ ಜಾಗ ಅವರಿಗೆ. ಕುಳಿ ಬರುವವರಿಗಾಗಿ ಬಿದ್ದಿತು. ಬಂದವಳು ಇವಳು. ಆದ್ದರಿಂದ ಈ ಕುಳಿ ಇವಳದು, ಈ ಬೆಂಚುಗಳೆಲ್ಲ ಇವಳವು!"

"ಹೌದು ಮಹಾಪ್ರಭು," ಎಂದ ಮಂತ್ರಿ.

ನಿಂಗಿ ಒಳಗೆ ಹೋದಳು. ಮುಂದಿನ ಬೆಂಚಿನಲ್ಲಿ ಕೂತಳು, ಹಿಂದಿನ ಬೆಂಚಿನಲ್ಲಿ ಕೂತಳು, ಕಿಟಕಿ ಪಕ್ಕ ಕೂತಳು. ಆಮೇಲೆ ಹೊರಗೆ ಬಂದಳು.

"ಒಬ್ಬಳೇ ಕೂರೋಕೆ ಬೇಜಾರು ಅವ್ವಾ. ಉಳಿದವರನ್ನು ಕರ್ಕೊಂಡು ಬರ್ತೀನಿ."

ಗುಡ್ಡ ಇಳಿದು ಬೀದಿಯಲ್ಲಿ ಕೂಗಿದಳು: "ಬರ್ರೋ! ಬರ್ರೇ! ಬಂದವರಿಗೆಲ್ಲ ಜಾಗ ಇದೆ!"

"ಬರೋದು ಹೇಗೆ? ಅಪ್ಪ ಅಡ್ಡ ಇದ್ದಾನೆ!"

"ಹೆಗಲು ಇದೆಯಲ್ಲ, ಹತ್ತಿ ದಾಟಿ!"

ಈರಬಸಪ್ಪನ ಮಗ ಅಪ್ಪನ ಹೆಗಲ ಮೇಲೆ ಕಾಲಿಟ್ಟ, ತಲೆ ಹಿಡಿದುಕೊಂಡ, ಬೀದಿಗೆ ಜಿಗಿದ. ಈರಬಸಪ್ಪ "ಅಯ್ಯಯ್ಯೋ" ಎಂದ. ಆಮೇಲೆ ಮಗ ಓಡುವುದನ್ನು ನೋಡುತ್ತ ಕೂತ. ಅವನು ಮಗ ಓಡುವುದನ್ನು ನೋಡಿ ಬಹಳ ಕಾಲವಾಗಿತ್ತು. ಇಷ್ಟು ದಿನ ಮಗ ಬೆನ್ನ ಹಿಂದೆ ಇದ್ದನಲ್ಲ.

ಬೀದಿಯ ಮಕ್ಕಳೆಲ್ಲ ಹಾಗೇ ಹೆಗಲು ದಾಟಿ ಗುಡ್ಡ ಹತ್ತಿದರು. ಜಾಗ ಸಾಲದು ಎಂದಿದ್ದರಲ್ಲ, ಒಬ್ಬರಿಗೊಬ್ಬರು ಸರಿದು ಕೂತರು. ಸಾಕಾಯಿತು. ಹೊಸ್ತಿಲ ಕುಳಿಯ ನೀರನ್ನು ಬಾಯಾರಿದಾಗ ಕುಡಿದರು. ರಾಜ ಅರಮನೆಗೆ ಹೋಗಿ ಅಂದಿನಿಂದ ಇಡ್ಲಿ ಯಾಕೆ ಗುಂಡಗಿದೆ ಎಂದು ಯೋಚಿಸತೊಡಗಿದ. ಅದು ಬೇರೆ ಕಷ್ಟ.

ದ್ಯಾವಮ್ಮ ಮನೆಗೆ ಬಂದಳು. ಭಟ್ಟಿ ಹಚ್ಚಿದಳು. ಹುರಿದಳು, ಅಳೆದಳು, ಕಟ್ಟಿದಳು. ಸಂಜೆಯಾಯಿತು. ಪುರಿ ಮುಗಿಯಿತು. ಮಗಳು ಬರಲಿಲ್ಲ. ದ್ಯಾವಮ್ಮ ಬಾಗಿಲಿಗೆ ಬಂದಳು, ಒಳಗೆ ಹೋದಳು, ಮತ್ತೆ ಬಾಗಿಲಿಗೆ ಬಂದಳು.

"ಕೂರು," ಎಂದಿತು ಹೊಸ್ತಿಲು.

"ಯಾರೂ ನೀರು ಸುರಿಯೋಕೆ ಬರ್ತಿಲ್ಲವಲ್ಲ?"

"ಯಾರೂ ಬರ್ತಿಲ್ಲ."

ದ್ಯಾವಮ್ಮ ಕೂತಳು. ಹುಟ್ಟಿದ ಮೇಲೆ ಮೊದಲ ಸಲ. ಆದರೆ ಒಂದು ಬದಿಗೆ ಒತ್ತಿಕೊಂಡು ಕೂತಳು, ದಾಟುವವರಿಗೆ ದಾರಿ ಬಿಟ್ಟು. ಎದುರುಮನೆಯಲ್ಲಿ ಈರಬಸಪ್ಪನೂ ಸರಿದು ಕೂತಿದ್ದ.

ಕೊನೆಗೆ ನಿಂಗಿ ಬಂದಳು. ದೂರದಿಂದಲೇ ಕೂಗಿದಳು: "ಅವ್ವಾ! ಆ ಕತೆ ಸಿಕ್ಕಿತು! ಮುದುಕಿಯ ಕತೆ! ಹೊಲಿದ ಪುಸ್ತಕದಲ್ಲಿ ಪೂರ್ತಿ ಇದೆ!"

ದ್ಯಾವಮ್ಮ ಎದ್ದು ನಿಂತಳು. "ಬಾಗಿಲು ತೆಗೆದು ನೋಡಿದರೆ?"

"ಬಾಗಿಲು ತೆಗೆದು ನೋಡಿದರೆ, ಒಂದು ಕುರಿ."

"ಕುರಿಯಾ?"

"ಕುರಿ."

"ಬರೀ ಕುರಿಯಾ?"

"ಬರೀ ಕುರಿ ಅವ್ವಾ. ಒಳಗೆ ಬಂತು, ಮಲಗಿತು, ಕತೆ ಮುಗೀತು. ಯಾಕೆ? ನೀನು ಇಷ್ಟು ವರ್ಷ ಏನಂದುಕೊಂಡಿದ್ದೆ?"

ದ್ಯಾವಮ್ಮ ಕಲ್ಲಂಗಡಿ ತರಲು ಗಂಡ ಹೋಗಿದ್ದ ಬೀದಿಯ ತುದಿಯನ್ನು ಒಂದು ಸಲ ನೋಡಿದಳು. ಆಮೇಲೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಭಟ್ಟಿಯ ಪುರಿಯ ಹಾಗೆ ಚಟಪಟ ಅರಳಿತು.

"ನಿನಗೆ ಕಾಯೋದು ಬರೋದಿಲ್ಲ ಅಂದಿದ್ದೆಯಲ್ಲ?" ಎಂದಿತು ಹೊಸ್ತಿಲು.

"ಬಾಯಿ ಮುಚ್ಚು," ಎಂದಳು ದ್ಯಾವಮ್ಮ.

ನೀತಿ ಬೇಕೆನ್ನುವವರಿಗೆ ನೀತಿ: ಕುರಿ ಬರುವುದಿದ್ದರೆ ಬಾಗಿಲಿಗೆ ಅಡ್ಡ ಕೂರಬೇಡಿ.

ಅವರು ಒಳಗೆ ಹೋಗಿ ಉಂಡರು. ಪೊಟ್ಟಣ ಬರಿದಾಯಿತು, ಕತೆಯೂ ಬರಿದಾಯಿತು. ಏಳಿ, ಇನ್ನು ಏಳಿ. ಬಾಗಿಲಲ್ಲಿ ಕೂತವರು ಸ್ವಲ್ಪ ಸರಿಯಿರಿ. ಮಕ್ಕಳು ಹೊರಗೆ ಹೋಗಲಿ.