ಕೆಂದಿಯ ಬೆನ್ನು ಮತ್ತು ಮರವಿಲ್ಲದ ಜೀನು

ಮಕ್ಕಳೇ, ಈ ಕತೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ. ಸಿಟ್ಟು ಬರಬೇಕಾದ ಕತೆಯನ್ನು ನಗುನಗುತ್ತ ಹೇಳುವುದು ನನ್ನಿಂದಾಗದ ಕೆಲಸ.

ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಹುಲ್ಲುಗಾವಲಿತ್ತು. ಅಲ್ಲಿ ಕುದುರೆಗಳೂ ಕೋತಿಗಳೂ ಅಕ್ಕಪಕ್ಕದ ಮನೆಯವರಂತೆ ಬಾಳುತ್ತಿದ್ದವು. ಹುಲ್ಲುಗಾವಲಿನ ನಡುವೆ ಯಾರೋ ಎಂದೋ ಬಿಟ್ಟುಹೋದ ಮೂರು ದೊಡ್ಡ ಪೀಪಾಯಿಗಳು ನಿಂತಿದ್ದವು. ಮಳೆಗಾಲ ಮುಗಿದ ಕೂಡಲೇ ಅಲ್ಲಿ ಪೀಪಾಯಿ ಓಟ. ಬೆನ್ನ ಮೇಲೆ ಕೋತಿಯನ್ನು ಕೂರಿಸಿಕೊಂಡ ಕುದುರೆ ಮೂರೂ ಪೀಪಾಯಿಗಳನ್ನು ಒಂದಾದ ಮೇಲೊಂದರಂತೆ ಸುತ್ತಿ, ಹೊರಟ ಗೆರೆಗೆ ಮರಳಬೇಕು. ಒಬ್ಬೊಬ್ಬರಾಗಿ ಓಡಬೇಕು. ಯಾರು ಎಷ್ಟು ಬೇಗ ಬಂದರು ಎಂಬುದನ್ನು ಕಪ್ಪೆಗಳು ವಟಗುಟ್ಟಿ ಲೆಕ್ಕ ಹಿಡಿಯುತ್ತಿದ್ದವು.

ಗೆದ್ದವರಿಗೆ ಹೊಳೆದಂಡೆಯ ಎಳೆ ಗರಿಕೆ. ಗೆರೆಗೆ ಮರಳದವರಿಗೆ ಮಾತ್ರ ವರ್ಷವಿಡೀ ಗುಡ್ಡದಾಚೆಯಿಂದ ಉಪ್ಪಿನ ಮೂಟೆ ಹೊರುವ ಕೆಲಸ. ಇದು ಆನೆಯಜ್ಜ ಮಾಡಿದ ಕಟ್ಟಳೆ. ಆನೆಯಜ್ಜನ ಮಾತನ್ನು ಮೀರುವವರು ಆ ಕಡೆ ಯಾರೂ ಇರಲಿಲ್ಲ.

ಕುದುರೆಗಳಲ್ಲೆಲ್ಲ ಚುರುಕು ಕಾಲಿನವಳು ಕೆಂದಿ. ಆದರೆ ಅವಳ ಬೆನ್ನು ಎಲ್ಲರ ಬೆನ್ನಿನಂತಿರಲಿಲ್ಲ. ಹೆಗಲ ಮೂಳೆ ಎತ್ತರ, ಅದರ ಹಿಂದೆ ಒಂದು ತಗ್ಗು, ಅಲ್ಲಿಂದಾಚೆಗೆ ಅಗಲವಾದ ಪಕ್ಕೆ. ಜೀನು, ಅಂದರೆ ಸವಾರ ಕೂರುವ ಆಸನ, ಅವಳಿಗೆ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಎಡಕ್ಕೆ ತಿರುಗಿದರೆ ಹೆಗಲು ಕಚ್ಚುತ್ತಿತ್ತು, ಬಲಕ್ಕೆ ತಿರುಗಿದರೆ ಸೊಂಟಕ್ಕೆ ಬಡಿಯುತ್ತಿತ್ತು. ಕಟ್ಟಲು ಬಂದರೆ ಕೆಂದಿ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಿದ್ದಳು. ಹಾಗಾಗಿ ಊರೆಲ್ಲ ಅವಳಿಗೆ 'ಸಿಡುಕಿ' ಎಂದು ಹೆಸರಿಟ್ಟಿತು. ಯಾಕೆ ಸಿಡುಕುತ್ತಾಳೆ ಎಂದು ಕೇಳುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ಜೀನು ಮಾಡುತ್ತಿದ್ದವನು ಕುಟುಕಯ್ಯ ಎಂಬ ಮರಕುಟಿಗ. ಎಂದೋ ಒಂದು ಕಾಲದಲ್ಲಿ ಎಲ್ಲ ಓಟ ಗೆದ್ದಿದ್ದ ಬಿಳಿಯ ಕುದುರೆಯೊಂದರ ಬೆನ್ನಿನ ಅಳತೆಗೆ ಅವನ ಅಜ್ಜ ಒಂದು ದಿಮ್ಮಿ ಕೆತ್ತಿಟ್ಟಿದ್ದ. ಕುಟುಕಯ್ಯ ಪ್ರತಿಯೊಂದು ಜೀನಿನ ಒಳಗಿನ ಮರದ ಚೌಕಟ್ಟನ್ನೂ ಆ ದಿಮ್ಮಿಯ ಮೇಲಿಟ್ಟೇ ಕೆತ್ತುತ್ತಿದ್ದ. ಜೀನು ಆರಿಸಲು ಹೋಗುತ್ತಿದ್ದವರೂ ಕೋತಿಗಳೇ. ಅವು ದಿಮ್ಮಿಯ ಮೇಲೆ ಕುಳಿತು, ಬಾಲ ಇಳಿಬಿಟ್ಟು, "ಹಾ, ಮೆತ್ತಗಿದೆ, ಇದೇ ಇರಲಿ" ಎನ್ನುತ್ತಿದ್ದವು. ಕುದುರೆಯನ್ನು ಜೊತೆಗೆ ಕರೆದುಕೊಂಡು ಹೋಗುವ ರೂಢಿಯೇ ಇರಲಿಲ್ಲ. ಹೊರುವವಳು ಒಬ್ಬಳು, ಆರಿಸುವವನು ಇನ್ನೊಬ್ಬ. ಎಂಥ ಚೆಂದದ ರೂಢಿ ನೋಡಿ!

ಓಟಕ್ಕೆ ಇನ್ನು ಕೆಲವೇ ತಿಂಗಳಿತ್ತು. ಕೆಂದಿಯ ಹೆಗಲ ಮೇಲೆ ಕೂದಲುದುರಿ ಚರ್ಮ ಕೆಂಪಾಗಿತ್ತು. ಅವಳು ತಾನೇ ಕುಟುಕಯ್ಯನ ಮರದ ಬುಡಕ್ಕೆ ಹೋದಳು.

"ಏನಮ್ಮಾ, ಕುದುರೆಯಾಗಿ ನೀನೇ ಬಂದುಬಿಟ್ಟೆಯಾ? ನಿನ್ನ ಸವಾರ ಲಾಗಪ್ಪ ಎಲ್ಲಿ?" ಎಂದ ಕುಟುಕಯ್ಯ.

"ನೋವು ಲಾಗಪ್ಪನಿಗಲ್ಲ, ನನಗೆ. ಅದಕ್ಕೇ ನಾನೇ ಬಂದೆ. ಸ್ವಲ್ಪ ಕೆಳಗಿಳಿದು ಈ ಹೆಗಲು ನೋಡಿ, ಕುಟುಕಯ್ಯನವರೇ."

ಕುಟುಕಯ್ಯ ಕೆಳಗಿಳಿಯಲಿಲ್ಲ. ದಿಮ್ಮಿಯ ಮೇಲೆ ಕೂತಿದ್ದ ಜೀನನ್ನು ಕೊಕ್ಕಿನಿಂದ ತಟ್ಟಿ ತೋರಿಸಿದ. "ನೋಡು, ಇರುವೆ ನುಸುಳುವಷ್ಟು ಸಂದಿಯೂ ಇಲ್ಲ. ಜೀನು ಸರಿಯಾಗಿಯೇ ಇದೆ."

"ದಿಮ್ಮಿ ಓಡೋದಿಲ್ಲವಲ್ಲ! ಓಡೋಳು ನಾನು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕಿರೋದು ನಿನ್ನ ಬೆನ್ನು, ತಾಯಿ. ದಿನಾ ಹುರುಳಿ ತಿನ್ನು. ತಗ್ಗು ತುಂಬಿಕೊಳ್ಳುತ್ತೆ."

ಪಾಪ, ಕೆಂದಿ ನಂಬಿದಳು. ಹುರುಳಿ ತಿಂದಳು. ತಗ್ಗು ತುಂಬಲಿಲ್ಲ, ಪಕ್ಕೆ ತುಂಬಿತು. ಜೀನು ಇನ್ನಷ್ಟು ಬಿಗಿಯಾಯಿತು. ಮತ್ತೆ ಹೋಗಿ ಕೇಳಿದರೆ ಕುಟುಕಯ್ಯ, "ಮೈ ಜಾಸ್ತಿ ಬಂದಿದೆ, ಉಪವಾಸ ಮಾಡು" ಎಂದ. ಉಪವಾಸ ಮಾಡಿದಳು. ಪಕ್ಕೆ ಇಳಿಯಿತು, ಬೆನ್ನುಮೂಳೆ ಎದ್ದು ನಿಂತಿತು, ಮರ ನೇರವಾಗಿ ಮೂಳೆಗೇ ಉಜ್ಜತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಜ್ವರವೂ ಬರೆಯೂ ಕೆಂದಿಗೇ!

ಲಾಗಪ್ಪನಾದರೂ ಮಾತಾಡಬೇಕಿತ್ತು. ಅವನು ಕೆಟ್ಟವನೇನಲ್ಲ. ಆದರೆ ನಾಲ್ಕು ಜನ ಏನಂದಾರು ಎಂಬ ಹೆದರಿಕೆ ಅವನಿಗೆ ಬಾಲಕ್ಕಿಂತ ಉದ್ದ. "ಎಲ್ಲ ಕುದುರೆಗಳೂ ಸುಮ್ಮನೆ ಹೊರುತ್ತವೆ, ನಿನ್ನದೇನು ದೊಡ್ಡ ರಗಳೆ?" ಎನ್ನುತ್ತ ಹೊಟ್ಟೆಪಟ್ಟಿಯನ್ನು ಇನ್ನೊಂದು ತೂತಿನಷ್ಟು ಬಿಗಿ ಎಳೆದ.

ಅಲ್ಲಿಗೆ ಕೆಂದಿಯ ತಾಳ್ಮೆ ಹರಿಯಿತು. ಲಾಗಪ್ಪನನ್ನು ಕೆಳಕ್ಕೊಗೆದು, ಬಂಡೆಗೆ ಬೆನ್ನು ತಿಕ್ಕಿ ಪಟ್ಟಿ ಹರಿದಳು. ಜೀನು ನೆಲಕ್ಕೆ ಬಿತ್ತು. ಅದರ ಮೇಲೆ ಎರಡೂ ಹಿಂಗಾಲಿಂದ ಕುಟ್ಟಿದಳು. ಮರ ಚೂರುಚೂರಾಯಿತು.

"ಇನ್ನು ಈ ಮರ ನನ್ನ ಮೈ ಮುಟ್ಟಿದರೆ ಕೇಳು!"

"ಜೀನಿಲ್ಲದೆ ನಾನು ಹೇಗೆ ಕೂರಲಿ?" ಎಂದು ಲಾಗಪ್ಪ ಕೂಗಿದ. "ಓಡದಿದ್ದರೆ ಉಪ್ಪು ಹೊರಬೇಕು, ಗೊತ್ತು ತಾನೇ?"

ಗೊತ್ತಿರದೆ ಏನು? ಕೂದಲುದುರಿದ ಹೆಗಲ ಮೇಲೆ ಉಪ್ಪಿನ ಮೂಟೆ ಬಿದ್ದರೆ ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಯೋಚನೆಗೇ ಅವಳ ಚರ್ಮ ಅದುರಿತು. ಓಡಲೇಬೇಕು. ಆದರೆ ಆ ಮರ ಹೊತ್ತು ಓಡುವುದಿಲ್ಲ.

ಹೊಳೆಯ ಪಕ್ಕದ ಜಾಲಿ ಮರದಲ್ಲಿ ಒಬ್ಬ ಗೀಜಗ ಗೂಡು ನೇಯುತ್ತಿದ್ದ. ನಾರು, ಉಣ್ಣೆ, ಹುಲ್ಲು ಸಿಕ್ಕರೆ ಏನನ್ನಾದರೂ ನೇಯಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುವವನು. ಕೆಂದಿ ಅವನ ಬಳಿ ಹೋದಳು.

"ಗೀಜಗಣ್ಣ, ಒಳಗೆ ಮರವೇ ಇಲ್ಲದ ಜೀನು ಮಾಡಿಕೊಡ್ತೀಯಾ?"

"ಮರ ಯಾಕೆ ಬೇಕು? ಬರೀ ಉಣ್ಣೆಯಲ್ಲಿ ನೇಯ್ತೀನಿ. ಮೆತ್ತಗಿರುತ್ತೆ, ಬಾಗುತ್ತೆ, ಯಾವ ಬೆನ್ನಿಗಾದರೂ ಸರಿಹೋಗುತ್ತೆ! ತಗೊಂಡು ಹೋಗು, ನೋಡೋದೇ ಬೇಡ."

"ಬೆನ್ನು ನೋಡದೇ ಸರಿಯಾಗಿದೆ ಅಂತ ಒಬ್ಬರು ಹೇಳಿದ್ದು ಸಾಕು," ಎಂದಳು ಕೆಂದಿ ಸಿಟ್ಟಿನಿಂದ. "ಕಟ್ಟಿಕೊಂಡು ಓಡ್ತೀನಿ. ಆಮೇಲೆ ನಾನು ಹೇಳ್ತೀನಿ, ನೀನು ಕೇಳಬೇಕು."

ಗೀಜಗ ಮುಖ ಸಿಂಡರಿಸಿದ. ಆದರೂ ನೇಯ್ದ. ಲಾಗಪ್ಪ ಕುಳಿತ. ಕೆಂದಿ ಪೀಪಾಯಿ ಸುತ್ತಿ ಓಡಿದಳು. ಹೆಗಲು ಕಚ್ಚಲಿಲ್ಲ, ನಿಜ. ಆದರೆ ತಿರುವಿನಲ್ಲಿ ಜೀನು ಪಕ್ಕಕ್ಕೆ ಜಾರಿತು. ಲಾಗಪ್ಪನ ಭಾರವೆಲ್ಲ ನಡುಬೆನ್ನಿಗೇ ಇಳಿಯಿತು.

"ಆಗಲಿಲ್ಲ," ಎಂದಳು.

"ಆಗದೆ ಏನು? ಇಷ್ಟು ಮೆತ್ತಗಿದೆ!"

"ಜೀನು ಬಿಚ್ಚಿ ಬೆನ್ನು ನೋಡು."

ಬೆನ್ನೆಲ್ಲ ಬೆವರಿನಿಂದ ತೊಯ್ದಿತ್ತು. ನಡುಮೂಳೆಯ ಮೇಲೆ ಒಂದು ಪಟ್ಟೆ ಮಾತ್ರ ಒಣಗಿತ್ತು. ಗಟ್ಟಿಯಾಗಿ ಒತ್ತಿದ ಕಡೆ ಬೆವರು ಬಂದಿರಲಿಲ್ಲ. ಗೀಜಗ ರೆಕ್ಕೆ ಬಡಿದು ಗೊಣಗಿದ, ತನ್ನ ಕೈಕೆಲಸಕ್ಕೆ ಬೆಲೆಯೇ ಇಲ್ಲವೆಂದು ಕೂಗಾಡಿದ. ಕೆಂದಿಯೂ ಬಿಡಲಿಲ್ಲ, ಕಾಲು ನೆಲಕ್ಕಪ್ಪಳಿಸಿ ಅವನಿಗಿಂತ ಜೋರಾಗಿ ಕೂಗಾಡಿದಳು. ಕೊನೆಗೆ ಗೀಜಗ ಬಿಚ್ಚಿ ಮತ್ತೆ ನೇಯ್ದ. ಈ ಸಲ ಮೂಳೆಯ ಎರಡೂ ಪಕ್ಕಕ್ಕೆ ದಪ್ಪ ಉಣ್ಣೆಯ ಸುರುಳಿ, ನಡುವೆ ನೇಗಿಲ ಸಾಲಿನಂಥ ಖಾಲಿ ಜಾಗ. ಜಾರದಂತೆ ಎದೆಗೊಂದು ಅಗಲ ಪಟ್ಟಿ.

ಕೆಂದಿ ಮತ್ತೆ ಓಡಿದಳು, ಮತ್ತೆ ಬೇಡವೆಂದಳು. ಬಲಗಡೆಯ ಸುರುಳಿ ಒತ್ತುತ್ತಿತ್ತು. ಗೀಜಗ ಹಲ್ಲು ಕಡಿಯುತ್ತಿದ್ದನೇನೋ, ಹಲ್ಲಿಲ್ಲದ್ದರಿಂದ ಕೊಕ್ಕು ಕಡಿದ. ಇನ್ನೊಮ್ಮೆ ಬಿಚ್ಚಿ ಸರಿ ಮಾಡಿದ. ಅದನ್ನು ಕಟ್ಟಿಕೊಂಡು ಮೊದಲ ಪೀಪಾಯಿ ತಿರುಗುವಾಗ ಕೆಂದಿ ಈಗ ನೋವು ಬರುತ್ತದೆಂದು ಮೈ ಬಿಗಿ ಹಿಡಿದಳು. ನೋವು ಬರಲಿಲ್ಲ. ಎರಡನೆಯದರಲ್ಲೂ ಬರಲಿಲ್ಲ. ಅವಳು ಸುಮ್ಮನೆ ಓಡುತ್ತಲೇ ಇದ್ದಳು. ಬೆನ್ನು ನೋಯದೆ ಓಡುವುದು ಇಷ್ಟು ಸುಖವೆಂದು ಅವಳಿಗೆ ತಿಳಿದೇ ಇರಲಿಲ್ಲ. ಇಷ್ಟು ದಿನ ತಿಳಿಯಗೊಡದವರ ಮೇಲೆ ಅವಳ ಸಿಟ್ಟು ಇನ್ನಷ್ಟು ಹೆಚ್ಚಿತು.

ಓಟದ ದಿನ ಬಂತು. ಹುಲ್ಲುಗಾವಲೆಲ್ಲ ಪ್ರಾಣಿಗಳೇ. ಬೇರೆ ಕುದುರೆಗಳ ಮೇಲೆ ಮಿರಿಮಿರಿ ಮಿಂಚುವ ಮರದ ಜೀನುಗಳು. ಕೆಂದಿಯ ಮೇಲೆ ಉಣ್ಣೆಯದು.

"ಏನೋ ಲಾಗಪ್ಪ, ಕೌದಿ ಹಾಸಿಕೊಂಡು ಮಲಗೋಕೆ ಬಂದೆಯಾ?" ಎಂದು ಕೋತಿಗಳು ಕಿಸಕ್ಕನೆ ನಕ್ಕವು.

ಲಾಗಪ್ಪನ ಮುಖ ಸಣ್ಣದಾಯಿತು. ಅದನ್ನೇ ಕಾಯುತ್ತಿದ್ದ ಕುಟುಕಯ್ಯ ಪಕ್ಕಕ್ಕೆ ಬಂದ. ಜೊತೆಗೆ ನವಿಲುಗರಿ ಕಟ್ಟಿದ ಹೊಸ ಜೀನು. "ಮರ್ಯಾದೆ ಉಳಿಸಿಕೋ, ಮಗಾ. ಆ ಕೌದಿ ಒಳಗೇ ಇರಲಿ. ಇದನ್ನು ಮೇಲೆ ಕಟ್ಟಿಕೋ. ಅವಳಿಗೆ ಮೆತ್ತಗೂ ಆಯ್ತು, ನಿನಗೆ ಅಂದವೂ ಆಯ್ತು."

ಮೂಗಿಗಿಂತ ಮೂಗುತಿ ಭಾರ ಎಂದು ಲಾಗಪ್ಪನಿಗೆ ಹೊಳೆಯಲಿಲ್ಲ. ಗೆರೆಯ ಬಳಿ ಅವರ ಸರದಿ ಬಂದೊಡನೆ ಉಣ್ಣೆಯ ಜೀನಿನ ಮೇಲೆ ಮರದ ಜೀನೇರಿಸಿ ಪಟ್ಟಿ ಎಳೆದೇಬಿಟ್ಟ.

"ಏನು ಕಟ್ಟಿದೆ? ತೆಗಿ ಅದನ್ನ!" ಎಂದಳು ಕೆಂದಿ.

"ಒಂದೇ ಒಂದು ಓಟ, ಕೆಂದಿ. ತಡ್ಕೋ. ಎಲ್ಲರೂ ನೋಡ್ತಿದ್ದಾರೆ."

"ನೋಯೋದು ನೋಡೋರಿಗಾ?"

ಅಷ್ಟರಲ್ಲಿ ಆನೆಯಜ್ಜ ಸೊಂಡಿಲೆತ್ತಿ ಘೀಳಿಟ್ಟ. ಕಪ್ಪೆಗಳು ವಟಗುಟ್ಟತೊಡಗಿದವು. ನಿಂತರೆ ಉಪ್ಪು. ಕೆಂದಿ ಹಲ್ಲು ಕಚ್ಚಿ ಹಾರಿದಳು.

ಮೊದಲ ಪೀಪಾಯಿ ದಾಟುವುದರೊಳಗೆ ಮೇಲಿನ ಜೀನು ವಾಲಾಡಿತು. ಎರಡನೆಯದರ ತಿರುವಿನಲ್ಲಿ ಸರ್ರನೆ ಪಕ್ಕಕ್ಕೆ ಜಾರಿ, ಅದರ ಅಂಚು ಹೆಗಲ ಹಳೆಯ ಗಾಯಕ್ಕೆ ಚುಚ್ಚಿತು. ಕೆಂದಿ ನೋವಿಗೆ ಗಕ್ಕನೆ ನಿಂತಳು. ಲಾಗಪ್ಪ ನಿಲ್ಲಲಿಲ್ಲ. ಗಾಳಿಯಲ್ಲಿ ಒಂದು ಲಾಗ ಹಾಕಿ, ಮಳೆನೀರು ತುಂಬಿದ್ದ ಪೀಪಾಯಿಯೊಳಗೆ ತಲೆಕೆಳಗಾಗಿ ಬಿದ್ದ. ನವಿಲುಗರಿ ನೀರಿನ ಮೇಲೆ ತೇಲಿತು.

ನೆರೆದವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ನಾನು ಹೇಳಲಿಲ್ಲವಾ? ಕುದುರೆಯೇ ಸರಿಯಿಲ್ಲ! ಉಪ್ಪು ಹೊರಿಸಿ ಅವಳಿಗೆ!" ಎಂದು ಕುಟುಕಯ್ಯ ಕಿರುಚಿದ. ಆನೆಯಜ್ಜ ತೀರ್ಪಿಗೆ ಸೊಂಡಿಲೆತ್ತಿದ.

"ಅಜ್ಜಾ, ಸೊಂಡಿಲು ಇಳಿಸು!" ಕೆಂದಿಯ ಕೂಗಿಗೆ ನಗು ನಿಂತುಹೋಯಿತು. "ಎಷ್ಟು ವರ್ಷದಿಂದ ತೀರ್ಪು ಹೇಳ್ತಿದ್ದೀಯಾ, ಒಂದು ದಿನವಾದರೂ ಒಂದು ಕುದುರೆಯ ಬೆನ್ನು ಮುಟ್ಟಿ ನೋಡಿದ್ದೀಯಾ? ಈಗ ಬಾ, ಮುಟ್ಟು."

ಅಜ್ಜನಿಗೆ ಹಾಗೆ ಮಾತಾಡಿದವರೇ ಇರಲಿಲ್ಲ. ಅವನು ನಿಧಾನವಾಗಿ ಬಂದು, ಜಾರಿದ ಮರದ ಜೀನನ್ನು ಸೊಂಡಿಲಿಂದ ಕಿತ್ತು ಎಸೆದ. ಅವಳ ಹೆಗಲು ಸವರಿದ. ಸೊಂಡಿಲ ತುದಿಗೆ ರಕ್ತ ಹತ್ತಿತು.

ಆಗ ಒಂದು ಸಣ್ಣ ದನಿ ಕೇಳಿಸಿತು. ಬೂದ ಎಂಬ ಗಂಡು ಕುದುರೆ, ಮೂರು ವರ್ಷದಿಂದ ಓಟ ಗೆಲ್ಲುತ್ತಿದ್ದವನು, ತಲೆ ತಗ್ಗಿಸಿ ಹೇಳಿದ, "ನನಗೂ ಅಲ್ಲೇ ನೋಯುತ್ತೆ."

"ನಿನಗೆ ಆ ಜೀನು ಸರಿಯಾಗಿದೆ ಅಂತಿದ್ದರಲ್ಲೋ!" ಎಂದ ಅಜ್ಜ.

"ಹೇಳಿದರೆ ನನ್ನನ್ನೂ ಸಿಡುಕ ಅಂತಾರೆ ಅಂತ ಸುಮ್ಮನಿದ್ದೆ."

ಹಿಂದಿನಿಂದ ಇನ್ನೊಂದು ಕುದುರೆ "ನನಗೂ" ಎಂದಿತು. ಮತ್ತೊಂದು ಎಂದಿತು. ಕುಟುಕಯ್ಯ ಮೆಲ್ಲಗೆ ಹಾರಿ ಎಲೆಗಳ ಮರೆಗೆ ಸೇರಿಕೊಂಡ.

ಕಪ್ಪೆಗಳಿನ್ನೂ ವಟಗುಟ್ಟುತ್ತಲೇ ಇದ್ದವು. ಓಟ ಮುಗಿದಿರಲಿಲ್ಲ. ಕೆಂದಿ ಪೀಪಾಯಿಯತ್ತ ತಿರುಗಿ, "ಹತ್ತೋದಾದರೆ ಹತ್ತು," ಎಂದಳು. ಲಾಗಪ್ಪ ನೀರು ಸುರಿಸುತ್ತ ಉಣ್ಣೆಯ ಜೀನಿನ ಮೇಲೇರಿದ. ಕೆಂದಿ ಎರಡನೆಯದನ್ನು ಸುತ್ತಿ, ಮೂರನೆಯದನ್ನು ಉಸಿರಿನಷ್ಟು ಹತ್ತಿರದಿಂದ ತಿರುಗಿ, ಗೆರೆ ದಾಟಿದಳು. ಕಪ್ಪೆಗಳ ಲೆಕ್ಕದಲ್ಲಿ ಎಲ್ಲರಿಗಿಂತ ಕೊನೆಯವಳಾದಳು. ಗರಿಕೆ ಸಿಗಲಿಲ್ಲ, ಆದರೆ ಉಪ್ಪಿನ ಮೂಟೆ ತಪ್ಪಿತು.

ಇಂಥ ಕತೆಗಳ ಕೊನೆಗೆ ಎಲ್ಲರೂ ತಬ್ಬಿಕೊಳ್ಳುತ್ತಾರೆ. ಲಾಗಪ್ಪನೂ ಅಳುತ್ತ ಕೈ ಚಾಚಿದ. "ತಪ್ಪಾಯ್ತು, ಕೆಂದಿ. ಸಿಟ್ಟು ಬಿಡು."

ಕೆಂದಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಸಿಟ್ಟು ಗಾಯ ಆರಿದ ಮೇಲೆ ಬಿಡ್ತೀನಿ, ನೀನು ಕೇಳಿದಾಗ ಅಲ್ಲ. ಅಲ್ಲಿವರೆಗೆ ನನ್ನ ಬೆನ್ನ ಮೇಲೆ ಯಾರೂ ಕೂರಬೇಡಿ. ಆಮೇಲೂ ಕಟ್ಟೋ ಮುಂಚೆ ಬೆನ್ನು ನೋಡು, ಕಟ್ಟಿದ ಮೇಲೆ ಮುಖ ನೋಡು. ಮುಖ ನೋಡಿಯೂ ಅರ್ಥ ಆಗದಿದ್ದರೆ ಹತ್ತಬೇಡ."

ಹಾಗೆಂದು ಬೆನ್ನು ತಿರುಗಿಸಿ, ಬರೀ ಮೈಯಲ್ಲಿ ಹೊಳೆಯ ಕಡೆಗೆ ನಡೆದುಹೋದಳು.

ನೀತಿ: ಹೊರೆಯನ್ನು ಆರಿಸುವ ಮೊದಲು ಹೊರುವವರನ್ನು ಕೇಳಬೇಕು, ನೋವೆಂದು ಕೂಗಿದವರನ್ನು ಸಿಡುಕರೆಂದು ಜರೆಯುವವರು ಸುಮ್ಮನಿರುವವರ ನೋವನ್ನೂ ಕಾಣಲಾರರು.