ಕಹಿಯನ್ನು ನಂಬಿದ ನಾಲಿಗೆ

ದರ್ಜಿ ಕೆಂಚಪ್ಪನ ಬೆನ್ನೊಳಗೆ ಎರಡು ಮೂತ್ರಪಿಂಡಗಳು ಅಣ್ಣತಮ್ಮಂದಿರಾಗಿ ಬಾಳಿಕೊಂಡಿದ್ದವು. ಇಬ್ಬರದೂ ರಕ್ತ ಸೋಸುವ ಕಸುಬು. ಕೆಂಚಪ್ಪ ಯಾರೋ ಕೊಟ್ಟ ಬೇರು, ತೊಗಟೆಗಳ ಕಷಾಯವನ್ನು ದಿನವೂ ಬರಿಹೊಟ್ಟೆಯಲ್ಲಿ ಲೋಟದ ತುಂಬ ಕುಡಿಯತೊಡಗಿದ ಮೇಲೆ ತಮ್ಮ ಸೊರಗುತ್ತ ಬಂದ. ಅಣ್ಣನಿಗೆ ನೋಡಲಾಗಲಿಲ್ಲ. ನಾಲಿಗೆಯ ಬಳಿ ಹೋಗಿ ಅಂಗಲಾಚಿದ.

“ನಾಲಿಗೆಯಮ್ಮಾ, ಅದನ್ನು ಒಳಗೆ ಬಿಡಬೇಡಿ. ನನ್ನ ತಮ್ಮ ಸಾಯುತ್ತಿದ್ದಾನೆ.”

“ಅದೆಷ್ಟು ಕಹಿ ಗೊತ್ತೇನೋ ಹುಚ್ಚಪ್ಪಾ? ಇಷ್ಟು ಕಹಿಯಾದದ್ದು ಕೆಟ್ಟದ್ದಾಗಲು ಸಾಧ್ಯವೇ? ಮುಖ ಕಿವುಚಿಕೊಂಡು ನುಂಗುವವಳು ನಾನು, ಗೋಳಾಡುವವನು ನೀನು!”

“ಯಜಮಾನರ ಕಾಲು ಊದಿಕೊಂಡಿದೆ. ಹೊಲಿಗೆ ಮೆಷಿನ್ ತುಳಿಯಲೂ ಆಗುತ್ತಿಲ್ಲ.”

“ಒಳಗಿನ ನಂಜೆಲ್ಲ ಕಾಲಿಗಿಳಿದು ಹೊರಗೆ ಹೋಗುತ್ತಿದೆ. ಔಷಧಿ ಹಿಡಿದಿದೆ ಅಂತ ಅರ್ಥ.”

“ನಂಜನ್ನು ಹೊರಗೆ ಹಾಕುವವರು ನಾವಮ್ಮಾ. ನಮ್ಮ ಕೈಲಾಗುತ್ತಿಲ್ಲ, ಅದಕ್ಕೇ ಈ ಊತ.”

“ರುಚಿಯೇ ಗೊತ್ತಿಲ್ಲದವನು ಔಷಧಿಯ ಮಾತಾಡಬಾರದು,” ಎಂದು ನಾಲಿಗೆಯಮ್ಮ ಹಲ್ಲಿನ ಬಾಗಿಲು ಹಾಕಿಕೊಂಡಳು.

ಅಣ್ಣ ಮರಳಿ ಬರುವಷ್ಟರಲ್ಲಿ ತಮ್ಮ ಕೆಲಸ ನಿಲ್ಲಿಸಿಬಿಟ್ಟಿದ್ದ. ಎಷ್ಟು ಕರೆದರೂ ಓಗೊಡಲಿಲ್ಲ.

ಸುದ್ದಿ ತಿಳಿದು ನಾಲಿಗೆಯಮ್ಮನಿಗೆ ನಿಜಕ್ಕೂ ದುಃಖವಾಯಿತು. ಅವಳೇನು ಕಟುಕಿಯಲ್ಲ. “ಪಾಪ, ಔಷಧಿ ಸಾಲದೆ ಹೋಯಿತು ಕೂಸಿಗೆ,” ಎಂದು ಮರುಗಿದಳು. ಉಳಿದವನಾದರೂ ಬದುಕಲಿ ಎಂದು ಮರುದಿನದಿಂದ ಎರಡೆರಡು ಲೋಟ ನುಂಗತೊಡಗಿದಳು.

ಅಣ್ಣ ಮತ್ತೆ ಅವಳ ಬಳಿ ಹೋಗಲಿಲ್ಲ. ಒಬ್ಬನೇ ಕುಳಿತು, ತಮ್ಮನ ಪಾಲಿನದನ್ನೂ ಸೋಸತೊಡಗಿದ.