ಕೊಂಡಿ ಹಾಕಿಸಿಕೊಂಡ ನಾಣ್ಯ

ಅಕ್ಕಸಾಲೆಯ ಅಂಗಡಿಗೆ ಹಳೇ ಬೆಳ್ಳಿ ನಾಣ್ಯವೊಂದು ಬಂತು. ಯಾರೋ ಪುಣ್ಯಾತ್ಮರು ಮಗುವಿನ ಕೊರಳಿಗೆ ಕಟ್ಟಲೆಂದು ಅದರ ಅಂಚಿಗೆ ತೂತು ಕೊರೆದು ಕೊಂಡಿ ಹಾಕಿಸಿದ್ದರು. ಯಾವ ಕಾಲದ್ದೆಂದು ಗೊತ್ತಾದರೆ ನಾಣ್ಯ ಉಳಿಯುತ್ತದೆ. ಗೊತ್ತಾಗದಿದ್ದರೆ ಮೂಸೆಯಲ್ಲಿ ಕರಗಿ ಯಾರದೋ ಕಾಲುಂಗುರವಾಗುತ್ತದೆ. ಗುರುತಿಸುವ ಅಧಿಕಾರ ಭೂತಗನ್ನಡಿಯದು.

ಅದು ಕೊಂಡಿಯನ್ನು ಮೇಲೆ ಮಾಡಿಕೊಂಡು ನೋಡಿತು. "ಇದು ಬರಹವಲ್ಲ, ಯಾವುದೋ ಬಳ್ಳಿ. ಕೆಳಗಿರುವುದು ಬಹುಶಃ ಕೋಳಿ."

"ಪಂಡಿತರೇ, ನಾನು ತಲೆಕೆಳಗಾಗಿದ್ದೇನೆ," ಅಂದಿತು ನಾಣ್ಯ. "ತೂತು ಕೊರೆದವರಿಗೆ ಅರಬ್ಬಿ ಲಿಪಿ ಬರುತ್ತಿರಲಿಲ್ಲ. ಒಂಚೂರು ತಿರುಗಿಸಿ ನೋಡಿ."

"ಕೊಂಡಿ ಇದ್ದ ಕಡೆಯೇ ತಲೆ. ನಲವತ್ತು ವರ್ಷದಿಂದ ನಾಣ್ಯ ನೋಡುತ್ತಿದ್ದೇನೆ. ನೀನೆಷ್ಟು ನೋಡಿದ್ದೀಯ?"

"ನೋಡಿಲ್ಲ ಪಂಡಿತರೇ. ನಾಣ್ಯವಾಗಿ ಬದುಕಿದ್ದೇನೆ, ಅಷ್ಟೇ."

"ಬದುಕುವುದು ಬೇರೆ, ಪಾಂಡಿತ್ಯ ಬೇರೆ. ಮೂಸೆಗೆ ಹಾಕಿ!"

ಇಕ್ಕಳಕ್ಕೆ ಓದೂ ಬಾರದು, ತಲೆ ಯಾವುದು ಬುಡ ಯಾವುದು ಎಂಬ ಚಿಂತೆಯೂ ಇಲ್ಲ. ಕೊಂಡಿಗೆ ಎದುರಿನ ಅಂಚನ್ನು ಕಚ್ಚಿ ನಾಣ್ಯವನ್ನು ಎತ್ತಿತು. ಕೊಂಡಿ ಕೆಳಗಾಯಿತು, ಅಕ್ಷರಗಳು ನೆಟ್ಟಗಾದವು.

"ನಿಲ್ಲು, ನಿಲ್ಲು!" ಭೂತಗನ್ನಡಿ ಕೂಗಿತು. "ಅಹಸನಾಬಾದ್ ಅಂತಿದೆ! ಕಲಬುರಗಿಯ ಹಳೇ ಹೆಸರು. ಬಹಮನಿ ಸುಲ್ತಾನರ ಟಂಕ! ನಾನು ಆಗಲೇ ಅಂದುಕೊಂಡೆ."

ಆಮೇಲೆ ನಾಣ್ಯದ ಕಡೆ ತಿರುಗಿ ಗದರಿತು: "ಇಷ್ಟು ಹೊತ್ತು ತಲೆಕೆಳಗಾಗಿ ನಿಂತು ದೊಡ್ಡವರ ಸಮಯ ಹಾಳು ಮಾಡಿದೆಯಲ್ಲ, ನಾಚಿಕೆಯಾಗಲ್ವಾ?"

ನಾಣ್ಯದ ಮೈಮೇಲೆ ಸುಲ್ತಾನನ ಬಿರುದುಗಳೆಲ್ಲ ಇದ್ದವು. ಕೆಳಗೆ ಮೂಸೆ ಇನ್ನೂ ಕೆಂಪಗೆ ಕಾದಿತ್ತು.

"ತಪ್ಪಾಯ್ತು ಪಂಡಿತರೇ," ಅಂದಿತು ನಾಣ್ಯ.